ನೋಟ್‌ಬುಕ್ಕಿನ ಅಂಚಿನಲ್ಲಿ ಉಳಿದ ಪ್ರಶ್ನೆ: ದೇಶಪ್ರೇಮ, ಬಂಡವಾಳ, ಸಮಾನತೆ

(ಉಪನ್ಯಾಸವೊಂದರ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋದ ಕೆಲವು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಒಂದು ಪ್ರಶ್ನೆಯೂ ಇದೆ.)

ಎಲ್ಲರಿಗೂ ನಮಸ್ಕಾರ.

ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಡೆದ ಒಂದು ಸಂಗತಿಯಿಂದ ಮಾತು ಶುರು ಮಾಡುತ್ತೇನೆ. ನಮಗೆ ಪಾಠ ಮಾಡುತ್ತಿದ್ದ ಮೇಷ್ಟ್ರೊಬ್ಬರು ತುಂಬ ಓದಿಕೊಂಡವರು. ಒಂದು ದಿನ ಅವರು, "ದೇಶ ಅನ್ನುವುದು ಕಟ್ಟುಕತೆ. ದುಡಿಯುವವರನ್ನು ಸುಮ್ಮನಿರಿಸಲು ಆಳುವವರು ಹೇಳುವ ಕತೆ. ದೇಶಪ್ರೇಮ ಅಂದರೆ ಆ ಕತೆಯನ್ನು ನಂಬಿದವರ ಕಾಯಿಲೆ" ಅಂದರು. ಹತ್ತು ನಿಮಿಷ ಬಿಟ್ಟು ಅದೇ ತರಗತಿಯಲ್ಲಿ, "ಉಳ್ಳವರ ಸಂಪತ್ತಿನಲ್ಲಿ ಇಲ್ಲದವರ ಪಾಲಿದೆ, ಅದನ್ನು ತೆರಿಗೆ ಹಾಕಿ ವಸೂಲು ಮಾಡಲೇಬೇಕು" ಅಂದರು. ಎರಡನ್ನೂ ಬರೆದುಕೊಂಡೆ. ಬರೆದುಕೊಳ್ಳುತ್ತಲೇ ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಾಲು ಗೀಚಿದೆ: "ದೇಶವೇ ಕಟ್ಟುಕತೆಯಾದರೆ ಬಡವರ ಪಾಲನ್ನು ಕೇಳುವುದು ಯಾರ ಹತ್ತಿರ?" ಎದ್ದು ನಿಂತು ಕೇಳಿಯೂಬಿಟ್ಟೆ. "ಇದು ಭಾವುಕತೆ, ಕೂತುಕೋ" ಅಂದರು. ಕೂತೆ.

ಅವರ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಓದಿನ ರುಚಿ ಹತ್ತಿಸಿದವರೇ ಅವರು. ಆದರೆ ಆ ಪ್ರಶ್ನೆಯಲ್ಲಿದ್ದದ್ದು ಬರೀ ಭಾವುಕತೆಯಲ್ಲ ಎಂದು ಅವತ್ತೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಓದು ಮುಗಿಸಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದವನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಂಪನಿಗಳ ಜಮಾ-ಖರ್ಚು ನೋಡಿದೆ. ಹಾಗಾಗಿ ಇವತ್ತು ನಾನು ಹೇಳುವುದರಲ್ಲಿ ಅರ್ಧ ಪುಸ್ತಕದಿಂದ ಬಂದದ್ದು, ಅರ್ಧ ಲೆಡ್ಜರಿನಿಂದ ಬಂದದ್ದು.

ವಿಶ್ವವಿದ್ಯಾಲಯದವರು ಬಾಯಿ ತೆರೆದರೆ ಸಾಕು, "ಇವರೆಲ್ಲ ದೇಶವನ್ನು ಬೈಯುವವರು" ಎಂದು ಕೂಗುವವರಿದ್ದಾರೆ. ಆ ಕೂಗಿನಲ್ಲಿ ನಾನು ದನಿಗೂಡಿಸುವುದಿಲ್ಲ. ವಿದ್ವಾಂಸರೆಲ್ಲ ಒಂದೇ ರಾಗ ಹಾಡುತ್ತಾರೆ ಅನ್ನುವುದೇ ತಪ್ಪು. ದೇಶಪ್ರೇಮದ ವಿಚಾರದಲ್ಲಿ ಅವರವರೇ ಜಗಳವಾಡಿದಷ್ಟು ಹೊರಗಿನವರು ಆಡಿಲ್ಲ. 1984ರಲ್ಲಿ ಅಲಸ್ಡೇರ್ ಮ್ಯಾಕಿಂಟೈರ್ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟು, ದೇಶಪ್ರೇಮ ಸದ್ಗುಣವೇ ಎಂದು ಕೇಳಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಮನುಷ್ಯ ಕಲಿಯುವುದೇ ತನ್ನ ಸಮುದಾಯದ ಒಳಗೆ, ಆ ಬೇರು ಕಿತ್ತರೆ ನೀತಿಯೇ ಬಾಡುತ್ತದೆ ಎನ್ನುವ ವಾದವನ್ನು ಅವರು ಬಲವಾಗಿ ಮಂಡಿಸಿದರು, ಅದರ ಅಪಾಯವನ್ನೂ ಒಪ್ಪಿಕೊಂಡರು. 1994ರಲ್ಲಿ ರಿಚರ್ಡ್ ರಾರ್ಟಿ, ತಾವೂ ಎಡಪಂಥದವರೇ ಆಗಿದ್ದುಕೊಂಡು, ವಿಶ್ವವಿದ್ಯಾಲಯದ ಎಡಪಂಥೀಯರಲ್ಲಿ ದೇಶಪ್ರೇಮವೇ ಇಲ್ಲವಾಗಿದೆ ಎಂದು ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಮಾರ್ಥಾ ನುಸ್‌ಬಾಮ್ ರಾರ್ಟಿಗೆ ಉತ್ತರ ಕೊಟ್ಟು, ಹುಟ್ಟಿದ ದೇಶ ಒಂದು ಆಕಸ್ಮಿಕ, ಮೊದಲ ನಿಷ್ಠೆ ಇಡೀ ಮನುಷ್ಯಕುಲಕ್ಕೆ ಸಲ್ಲಬೇಕು ಅಂದರು. ಮುಂದೆ ಅವರೇ ತಮ್ಮ ನಿಲುವನ್ನು ಸಡಿಲಿಸಿ, ನ್ಯಾಯಕ್ಕಾಗಿ ಜನ ಏನಾದರೂ ಬಿಟ್ಟುಕೊಡಬೇಕಾದರೆ ದೇಶದ ಮೇಲಿನ ಪ್ರೀತಿಯಂಥ ಭಾವನೆ ಬೇಕಾಗುತ್ತದೆ ಎನ್ನುವಲ್ಲಿಗೆ ಬಂದರು. ಜಾರ್ಜ್ ಕೇಟಬ್ ಮಾತ್ರ ಬಗ್ಗಲಿಲ್ಲ. ದೇಶ ಎನ್ನುವುದೊಂದು ಅಮೂರ್ತ ಕಲ್ಪನೆ, ಅದಕ್ಕಾಗಿ ಸಾಯಲು ಕೊಲ್ಲಲು ಸಿದ್ಧರಾಗುವುದು ತಪ್ಪು ಎಂದು 2000ದಲ್ಲೂ ಬರೆದರು.

ಕೇಟಬ್ ಮಾತನ್ನು ತಳ್ಳಿಹಾಕುವ ಮೊದಲು, ಮೊದಲ ಮಹಾಯುದ್ಧ ಶುರುವಾದ 1914ನ್ನು ನೆನೆಯಬೇಕು. ದುಡಿಯುವವರಿಗೆ ದೇಶವಿಲ್ಲ ಎಂದು ಮಾರ್ಕ್ಸ್ ಮತ್ತು ಎಂಗೆಲ್ಸ್ 1848ರಲ್ಲೇ ಬರೆದಿದ್ದರು. ಅದನ್ನು ನಂಬಿದ ಯುರೋಪಿನ ಕಾರ್ಮಿಕ ಪಕ್ಷಗಳು ಯುದ್ಧವನ್ನು ಶಕ್ತಿಮೀರಿ ತಡೆಯುತ್ತೇವೆ ಎಂದು ಸಮ್ಮೇಳನಗಳಲ್ಲಿ ನಿರ್ಣಯ ಮಾಡಿದ್ದವು. 1914ರ ಜುಲೈ 31ರಂದು, ಯುದ್ಧ ಬೇಡವೆಂದು ಕೊನೆಯವರೆಗೂ ಹೆಣಗಿದ ಫ್ರಾನ್ಸಿನ ಸಮಾಜವಾದಿ ನಾಯಕ ಜೋರೆಸ್ ಪ್ಯಾರಿಸ್ಸಿನಲ್ಲಿ ಕೊಲೆಯಾದರು. ಆಗಸ್ಟ್ 4ರಂದು ಜರ್ಮನಿಯ ಕಾರ್ಮಿಕ ಪಕ್ಷವಾದ ಸೋಷಿಯಲ್ ಡೆಮಾಕ್ರಟರು ಯುದ್ಧದ ಸಾಲಕ್ಕೆ ಸಂಸತ್ತಿನಲ್ಲಿ ಒಪ್ಪಿಗೆ ಕೊಟ್ಟರು. ಡಿಸೆಂಬರ್ 2ರಂದು ಅದು ಮತ್ತೆ ಮತಕ್ಕೆ ಬಂದಾಗ ವಿರುದ್ಧ ಮತ ಹಾಕಿದವರು ಅದೇ ಪಕ್ಷದ ಕಾರ್ಲ್ ಲೀಬ್‌ಕ್ನೆಕ್ಟ್ ಒಬ್ಬರೇ.

ನನ್ನ ಮೇಷ್ಟ್ರು ಈ ಕತೆಯನ್ನು ಹೇಳುತ್ತಿದ್ದದ್ದು ದೇಶಪ್ರೇಮ ಎಷ್ಟು ದೊಡ್ಡ ಮೋಸ ಎಂದು ತೋರಿಸಲು. ಅದು ನಿಜ. ದೇಶದ ಹೆಸರು ಹೇಳಿ ಜನರನ್ನು ಎಂಥ ಪ್ರಪಾತಕ್ಕೂ ನೂಕಬಹುದು. ಆದರೆ ಅದೇ ಕತೆ ಇನ್ನೊಂದನ್ನೂ ಹೇಳುತ್ತದೆ. ದಶಕಗಳ ಕಾಲ ಕಟ್ಟಿದ ಸಂಘಟನೆ, ಕಲಿಸಿದ ಪಾಠ, ಮಾಡಿದ ನಿರ್ಣಯ ಎಲ್ಲವೂ ಕೆಲವೇ ದಿನಗಳಲ್ಲಿ ಕೊಚ್ಚಿಹೋಯಿತಲ್ಲ, ಅಷ್ಟು ಬಲವಾದ ಎಳೆತವನ್ನು ಕಾಯಿಲೆ ಎಂದು ಕರೆದು ಸುಮ್ಮನಾದರೆ ಆಯಿತೇ? ಹಾಗೆ ಸುಮ್ಮನಾದವರು ಆ ಬಲವನ್ನು ಪೂರ್ತಿಯಾಗಿ ಯುದ್ಧ ಬಯಸುವವರ ಕೈಗೆ ಬಿಟ್ಟುಕೊಟ್ಟರು.

ಇನ್ನು ಕಟ್ಟುಕತೆಯ ಮಾತು. ದೇಶವನ್ನು ಮನುಷ್ಯರೇ ಕಟ್ಟಿದ್ದು, ಒಪ್ಪಿದೆ. ಆದರೆ ಕಟ್ಟಿದ್ದೆಲ್ಲ ಸುಳ್ಳಾಗುವುದಿಲ್ಲ. ಕರಾರು ಕಟ್ಟಿದ್ದು, ನ್ಯಾಯಾಲಯ ಕಟ್ಟಿದ್ದು, ನಾವು ಕೊಡುವ ಮಾತೂ ನಾವೇ ಕಟ್ಟಿದ್ದು. 1882ರಲ್ಲಿ ಫ್ರೆಂಚ್ ಚಿಂತಕ ಅರ್ನೆಸ್ಟ್ ರೆನಾನ್ ಪ್ಯಾರಿಸ್ಸಿನ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತ, ಜನಾಂಗ, ಭಾಷೆ, ಗಡಿಯ ನದಿ-ಬೆಟ್ಟ ಯಾವುದೂ ದೇಶವನ್ನು ಮಾಡುವುದಿಲ್ಲ, ಒಟ್ಟಿಗೆ ಬಾಳುವ ಮನಸ್ಸು ಮಾಡುತ್ತದೆ, ಅದು ದಿನದಿನವೂ ನಡೆಯುವ ಮತದಾನ ಅಂದಿದ್ದರು. ನನಗೆ ಈ ಮಾತು ಬಹಳ ಹಿಡಿಸುತ್ತದೆ. ಮತದಾನ ಅಂದಮೇಲೆ ನಿಯಮ ಕೇಳುವ, ಎಣಿಕೆ ಸರಿಯಿಲ್ಲ ಎಂದು ತಕರಾರು ಎತ್ತುವ ಹಕ್ಕೂ ಬಂತು.

ಆ ತಕರಾರನ್ನು ಫ್ರೆಡರಿಕ್ ಡಗ್ಲಸ್ ಎತ್ತಿದಷ್ಟು ಎತ್ತರದಲ್ಲಿ ಇನ್ನೊಬ್ಬರು ಎತ್ತಿದ್ದನ್ನು ನಾನು ಓದಿಲ್ಲ. ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಬಂದವರು. 1852ರ ಜುಲೈ 5ರಂದು ರಾಚೆಸ್ಟರ್ ನಗರದಲ್ಲಿ ಅಮೆರಿಕದ ಸ್ವಾತಂತ್ರ್ಯ ದಿನದ ಭಾಷಣಕ್ಕೆ ಅವರನ್ನು ಕರೆದಿದ್ದರು. ವೇದಿಕೆ ಹತ್ತಿದವರು, ಈ ದಿನ ನಿಮ್ಮದು, ನನ್ನದಲ್ಲ, ನೀವು ಸಂಭ್ರಮಿಸಬಹುದು, ನಾನು ಶೋಕಿಸಬೇಕು ಎಂದು ಕರೆದವರ ಮುಖಕ್ಕೇ ಹೇಳಿದರು. ಅಷ್ಟು ಹೇಳಿ ಇಳಿದುಬಿಟ್ಟಿದ್ದರೆ ನನ್ನ ಮೇಷ್ಟ್ರ ವಾದ ಗೆಲ್ಲುತ್ತಿತ್ತು. ಡಗ್ಲಸ್ ಇಳಿಯಲಿಲ್ಲ. ನಿಮ್ಮ ಸ್ವಾತಂತ್ರ್ಯ ಘೋಷಣೆಯ ತತ್ವಗಳು ನಿಮ್ಮನ್ನು ಉಳಿಸುವ ತತ್ವಗಳು, ಅವನ್ನು ಬಿಡಬೇಡಿ, ಎಲ್ಲರಿಗೂ ಅನ್ವಯಿಸಿ ಅಂದರು. ದೇಶ ಕೊಟ್ಟ ಮಾತನ್ನು ಹಿಡಿದು ದೇಶವನ್ನೇ ಕಟಕಟೆಗೆ ನಿಲ್ಲಿಸಿದರು. ಮಾತು ಕೊಟ್ಟವರೇ ಇಲ್ಲ, ಎಲ್ಲ ಕತೆ ಎಂದುಬಿಟ್ಟರೆ ಕಟಕಟೆಗೆ ಕರೆಯುವುದು ಯಾರನ್ನು?

ಈಗ ಬಂಡವಾಳದ ಕಡೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇದು ನಾನು ಕೈಯಾರೆ ಮುಟ್ಟಿದ ವಿಷಯ.

ಒಂದು ಲಾಭ-ನಷ್ಟದ ಖಾತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಲೆ ಮಾರಾಟದಿಂದ ಬಂದ ಹಣ. ಅದರ ಕೆಳಗೆ ಸಾಲಾಗಿ ಖರ್ಚುಗಳು: ಕಚ್ಚಾ ಸಾಮಗ್ರಿ, ವಿದ್ಯುತ್, ಬಾಡಿಗೆ, ಸಂಬಳ, ಬಡ್ಡಿ, ಸವಕಳಿ. ಸಂಬಳ ಕೂತಿರುವುದು ವಿದ್ಯುತ್ ಬಿಲ್ಲಿನ ಸಾಲಿನಲ್ಲೇ. ಎಲ್ಲ ಕಳೆದು ಉಳಿದದ್ದು ಲಾಭ. ಷೇರುದಾರರಿಗೆ ಹೋಗುವ ಡಿವಿಡೆಂಡ್ ಖರ್ಚಿನಲ್ಲಿ ಬರುವುದಿಲ್ಲ, ಅದು ಲಾಭದ ಹಂಚಿಕೆ. ಇನ್ನು ಬ್ಯಾಲೆನ್ಸ್ ಶೀಟ್ ತೆರೆದರೆ ಯಂತ್ರ ಆಸ್ತಿಯ ಪಟ್ಟಿಯಲ್ಲಿದೆ. ಅದೇ ಯಂತ್ರವನ್ನು ಇಪ್ಪತ್ತು ವರ್ಷ ಓಡಿಸಿ, ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲ ಮನುಷ್ಯ ಅಲ್ಲೆಲ್ಲೂ ಇಲ್ಲ. ಯಂತ್ರ ಸವೆದದ್ದಕ್ಕೆ ವರ್ಷವರ್ಷವೂ ಒಂದು ಮೊತ್ತ ತೆಗೆದಿಡುತ್ತೇವೆ, ಅದಕ್ಕೆಂದೇ ಒಂದು ಸಾಲಿದೆ. ಮನುಷ್ಯ ಸವೆದದ್ದಕ್ಕೆ ಆ ಹಾಳೆಯಲ್ಲಿ ಸಾಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದಾಗ ಇದನ್ನು ನೋಡಿ ಮನಸ್ಸು ಕಹಿಯಾಗಿತ್ತು. ಮನುಷ್ಯನನ್ನು ಆಸ್ತಿಯ ಪಟ್ಟಿಗೆ ಸೇರಿಸದಿರುವುದೇ ಒಳ್ಳೆಯದು ಎಂದು ಅರ್ಥವಾಗಲು ವರ್ಷಗಳು ಹಿಡಿದವು. ಏಕೆಂದರೆ ಹಾಗೆ ಸೇರಿಸಿದ ಕಾಲವೂ ಇತ್ತು. ಗುಲಾಮರನ್ನು ದುಡಿಸಿಕೊಂಡ ತೋಟಗಳ ಲೆಕ್ಕದ ಪುಸ್ತಕಗಳಲ್ಲಿ ಗಂಡಸು, ಹೆಂಗಸು, ಮಕ್ಕಳು ಎಲ್ಲರ ಹೆಸರಿನ ಮುಂದೆಯೂ ಬೆಲೆ ಬರೆದಿದೆ. 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳ ಗುಲಾಮಗಿರಿಯನ್ನು ಕೊನೆಗಾಣಿಸುವ ಕಾನೂನು ಮಾಡಿದಾಗ ಪರಿಹಾರವೆಂದು 2 ಕೋಟಿ ಪೌಂಡ್ ತೆಗೆದಿಟ್ಟಿತು. ಸರ್ಕಾರದ ಆಗಿನ ಒಂದು ವರ್ಷದ ಖರ್ಚಿನ ಸುಮಾರು 40 ಶೇಕಡಾ. ಅದೆಲ್ಲ ಹೋದದ್ದು ಮಾಲೀಕರಿಗೆ, ಅವರ "ಆಸ್ತಿ" ಹೋಯಿತಲ್ಲ ಎಂದು. ಬಿಡುಗಡೆಯಾದವರಿಗೆ ಏನೂ ಸಿಗಲಿಲ್ಲ. ಅದಕ್ಕಾಗಿ ಎತ್ತಿದ ಸಾಲದ ಬಾಕಿ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಆ ಗುಲಾಮರ ಮರಿಮಕ್ಕಳ ಮಕ್ಕಳಲ್ಲಿ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟಿದವರೂ ಆ ಸಾಲ ತೀರಿಸಲು ತಮ್ಮ ಪಾಲು ಹಾಕಿದಂತಾಯಿತು. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. 1974ರಲ್ಲಿ ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ ಒಂದು ವಾದ ಹೂಡಿದರು. ಜನರು ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನ ಆಟ ನೋಡಲು ಟಿಕೆಟಿನ ಹಣದಲ್ಲಿ 25 ಸೆಂಟನ್ನು ಅವನಿಗೆಂದೇ ಖುಷಿಯಿಂದ ಕೊಡುತ್ತಾರೆ. ಹತ್ತು ಲಕ್ಷ ಜನ ಕೊಟ್ಟರೆ ಅವನು ಶ್ರೀಮಂತನಾಗುತ್ತಾನೆ. ಯಾರೂ ಯಾರಿಗೂ ಮೋಸ ಮಾಡಿಲ್ಲ. ಸಮಾನತೆಯ ಹೆಸರಿನಲ್ಲಿ ಅದನ್ನು ಕಿತ್ತುಕೊಳ್ಳಲು ನೀವು ಯಾರು? ದುಡಿಮೆಯ ಮೇಲಿನ ತೆರಿಗೆ ಬಲವಂತದ ದುಡಿಮೆಗೆ ಸಮ ಎಂದೇ ಅವರು ಹೇಳಿದರು. ಇದು ಗಟ್ಟಿ ವಾದ, ಇದಕ್ಕೆ ಮುಖ ತಿರುಗಿಸಿ ಹೋಗುವುದು ಸರಿಯಲ್ಲ. ನನ್ನ ಉತ್ತರ ಲೆಡ್ಜರಿನದು. ಆಸ್ತಿ ಯಾವುದು, ಯಾವುದು ಅಲ್ಲ ಎಂದು ಹೇಳುವುದೇ ಕಾನೂನು. ಒಂದು ಕಾಲಕ್ಕೆ ಅದು ಮನುಷ್ಯನನ್ನೂ ಆಸ್ತಿ ಅಂದಿತ್ತು. ಕಂಪನಿ ಮುಳುಗಿದರೆ ಷೇರುದಾರ ಹಾಕಿದಷ್ಟನ್ನು ಮಾತ್ರ ಕಳೆದುಕೊಳ್ಳಲಿ, ಅವನ ಮನೆಮಠಕ್ಕೆ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ ಎಂದು ಬ್ರಿಟನ್ನಿನಲ್ಲಿ 1855ರಲ್ಲಿ ಹೇಳಿದ್ದೂ ಕಾನೂನೇ. ಬಂಡವಾಳಶಾಹಿ ಬೆಳೆದದ್ದು ಇಂಥ ರಕ್ಷಣೆಗಳ ನೆರಳಿನಲ್ಲಿ. ಆ ನೆರಳನ್ನು ಇಡೀ ದೇಶ ಸೇರಿ ಕೊಟ್ಟಿದೆ. ಹಾಗಿರುವಾಗ ಅದರ ಬೆಲೆ ಕೇಳಿದರೆ ಬಲವಂತ ಅನ್ನುವುದನ್ನು ನಾನು ಒಪ್ಪಲಾರೆ.

ಹಾಗೆಂದು ಮಾರುಕಟ್ಟೆಯನ್ನೇ ಮುಚ್ಚಿ ಎನ್ನುವವರ ಜೊತೆ ನಾನಿಲ್ಲ. ಅರ್ಥಶಾಸ್ತ್ರಜ್ಞ ಹಾಯೆಕ್ 1945ರಲ್ಲಿ ಕೊಟ್ಟ ತವರದ ಉದಾಹರಣೆ ಈಗಲೂ ಸರಿ. ಜಗತ್ತಿನ ಯಾವುದೋ ಮೂಲೆಯಲ್ಲಿ ತವರ ಸಿಗುವುದು ಕಷ್ಟವಾದರೆ ಅದರ ಬೆಲೆ ಏರುತ್ತದೆ. ಕಾರಣ ಗೊತ್ತಿಲ್ಲದವರೂ ಬಳಕೆ ತಗ್ಗಿಸುತ್ತಾರೆ. ಯಾರೂ ಆದೇಶ ಹೊರಡಿಸಬೇಕಿಲ್ಲ. ಕೋಟ್ಯಂತರ ಜನರ ತಲೆಯಲ್ಲಿ ಚೂರುಚೂರಾಗಿ ಹಂಚಿಹೋಗಿರುವ ತಿಳಿವಳಿಕೆಯನ್ನು ಬೆಲೆ ಹೊತ್ತು ತರುತ್ತದೆ. ನಾನು ಖರೀದಿ ಲೆಕ್ಕ ನೋಡುತ್ತಿದ್ದಾಗ ಇದನ್ನು ದಿನವೂ ಕಂಡಿದ್ದೇನೆ. ಆದರೆ ಬೆಲೆಗೆ ಕೇಳಿಸುವುದು ಹಣವಿದ್ದವರ ಬೇಡಿಕೆ ಮಾತ್ರ.

ಆಡಂ ಸ್ಮಿತ್ ಹೆಸರನ್ನು ಬಂಡವಾಳದ ಪರವಾಗಿ ಬಳಸುವವರು 1776ರಲ್ಲಿ ಅವರು ಬರೆದ ಗುಂಡುಸೂಜಿಯ ಕಾರ್ಖಾನೆಯನ್ನು ತಪ್ಪದೆ ನೆನೆಯುತ್ತಾರೆ. ಕೆಲಸ ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡುತ್ತಿದ್ದರು, ಒಬ್ಬೊಬ್ಬರೇ ಕೂತಿದ್ದರೆ ತಲಾ 20 ಕೂಡ ಆಗುತ್ತಿರಲಿಲ್ಲ. ಅದೇ ಪುಸ್ತಕದಲ್ಲಿ, ಜೀವನವಿಡೀ ಒಂದೆರಡು ಸರಳ ಕೆಲಸವನ್ನೇ ಮಾಡುವವನ ಬುದ್ಧಿ ಮಂಕಾಗುತ್ತದೆ ಎಂದೂ ಬರೆದಿದ್ದಾರೆ, ಬಹುಪಾಲು ಜನ ಬಡವರಾಗಿರುವ ಸಮಾಜ ಸುಖವಾಗಿರಲಾರದು ಎಂದೂ ಬರೆದಿದ್ದಾರೆ. ನನಗೆ ಅದರಲ್ಲಿ ಮನಸ್ಸಿಗೆ ನಾಟಿದ್ದು ಒಂದು ಅಂಗಿಯ ಮಾತು. ನಾರುಬಟ್ಟೆಯ ಅಂಗಿ ಬದುಕಲು ಬೇಕಾದ ವಸ್ತುವೇನಲ್ಲ, ಹಳೆಯ ಗ್ರೀಕರೂ ರೋಮನ್ನರೂ ಅದಿಲ್ಲದೆ ಸುಖವಾಗಿದ್ದರು. ಆದರೆ ತಮ್ಮ ಕಾಲದಲ್ಲಿ ಮರ್ಯಾದಸ್ಥ ಕೂಲಿಯಾಳು ಅದಿಲ್ಲದೆ ನಾಲ್ಕು ಜನರ ಮುಂದೆ ಬರಲು ನಾಚುತ್ತಾನೆ, ಆದ್ದರಿಂದ ಅದು ಅಗತ್ಯ ವಸ್ತುವೇ ಎಂದರು ಸ್ಮಿತ್.

ಸಮಾನತೆಯ ಬಗ್ಗೆ ವಿದ್ವಾಂಸರು ಬರೆದದ್ದು ರಾಶಿ ಇದೆ. ಜಾನ್ ರಾಲ್ಸ್ 1971ರಲ್ಲಿ, ನೀವು ಯಾರ ಹೊಟ್ಟೆಯಲ್ಲಿ ಹುಟ್ಟುತ್ತೀರಿ ಎಂದು ಗೊತ್ತಿಲ್ಲದೆ ಸಮಾಜದ ನಿಯಮ ಬರೆಯಿರಿ ಅಂದರು. ಹ್ಯಾರಿ ಫ್ರಾಂಕ್‌ಫರ್ಟ್ 1987ರಲ್ಲಿ, ಸಮ ಬೇಡ, ಎಲ್ಲರಿಗೂ ಸಾಕಷ್ಟು ಸಿಕ್ಕರೆ ಸಾಕು ಅಂದರು. ಎಲಿಜಬೆತ್ ಆಂಡರ್ಸನ್ 1999ರಲ್ಲಿ ಪ್ರಶ್ನೆಯನ್ನೇ ತಿರುಗಿಸಿ, ಯಾರ ಹತ್ತಿರ ಎಷ್ಟಿದೆ ಎನ್ನುವುದಕ್ಕಿಂತ ಯಾರು ಯಾರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿದೆ ಎಂದು ನೋಡುವಂತೆ ಮಾಡಿದರು. ನಾನು ಆಂಡರ್ಸನ್ ಕಡೆಯವನು. ಸ್ಮಿತ್ ಹೇಳಿದ ಅಂಗಿ ಅಲ್ಲಿಗೇ ಹೋಗಿ ಸೇರುತ್ತದೆ. ಬಡತನದಲ್ಲಿ ಹಸಿವಿನಷ್ಟೇ ನೋಯಿಸುವುದು ನಾಚಿಕೆ. ಮುಂಗಡ ಕೇಳಲು ಮೇಜಿನ ಮುಂದೆ ಬಂದು ನಿಂತವರನ್ನು ನಾನು ನೋಡಿದ್ದೇನೆ. ಅರ್ಜಿಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಹಿಡಿದಿರುತ್ತಾರೆ, ಪಕ್ಕದವರಿಗೆ ಕಾಣಬಾರದೆಂದು. ದುಡಿದು ಪಡೆಯಲಿರುವ ತಮ್ಮದೇ ಹಣವನ್ನು ಎರಡು ವಾರ ಮೊದಲು ಕೇಳಲು ಅಷ್ಟು ಕುಗ್ಗಬೇಕಾದ ಸ್ಥಿತಿ ಯಾರಿಗೂ ಬರಬಾರದು.

ಈಗ ಪೆನ್ಸಿಲಿನ ಪ್ರಶ್ನೆಗೆ ಮರಳುತ್ತೇನೆ. ಹಂಚಿಕೊಳ್ಳಬೇಕು ಎಂದು ವಾದದಲ್ಲಿ ಗೆದ್ದಾಯಿತು ಅನ್ನಿ. ಕೊಡಬೇಕಾದವನಿಗೆ ಕೊಡುವ ಮನಸ್ಸು ಎಲ್ಲಿಂದ ಬರಬೇಕು? ತತ್ವಜ್ಞಾನಿ ಜಿ. ಎ. ಕೋಹೆನ್ ಅವರ, 2009ರಲ್ಲಿ ಪುಸ್ತಕವಾಗಿ ಬಂದ ಪುಟ್ಟ ಬರಹದಲ್ಲಿ ಕಾಡಿಗೆ ಡೇರೆ ಹೊತ್ತು ಹೋದ ಗೆಳೆಯರ ಚಿತ್ರವಿದೆ. ಅಲ್ಲಿ ಯಾರೂ ಮೀನು ಹಿಡಿದವನಿಗೆ ಹೆಚ್ಚು ಪಾಲು ಅನ್ನುವುದಿಲ್ಲ, ಪಾತ್ರೆ ತಂದವನು ಬಾಡಿಗೆ ಕೇಳುವುದಿಲ್ಲ. ಇಡೀ ಸಮಾಜ ಹಾಗೇಕೆ ಇರಬಾರದು ಎಂದು ಕೋಹೆನ್ ಕೇಳುತ್ತಾರೆ. ಎಷ್ಟು ಚೆಂದದ ಪ್ರಶ್ನೆ! ಆ ಡೇರೆಯಲ್ಲಿ ಹಂಚಿಕೆ ಸಾಧ್ಯವಾದದ್ದು ಅವರೆಲ್ಲ ಒಂದೇ ಪ್ರಯಾಣಕ್ಕೆ ಹೊರಟವರು ಎಂದು ಪ್ರತಿಯೊಬ್ಬರಿಗೂ ಗೊತ್ತಿದ್ದದ್ದರಿಂದ. ಕೋಟಿಗಟ್ಟಲೆ ಅಪರಿಚಿತರು ತಾವು ಒಂದೇ ಪ್ರಯಾಣದವರು ಎಂದುಕೊಳ್ಳುವ ಭಾವಕ್ಕೆ ಚರಿತ್ರೆಯಲ್ಲಿ ಇಲ್ಲಿಯವರೆಗೆ ಸಿಕ್ಕಿರುವ ಹೆಸರುಗಳಲ್ಲಿ ದೊಡ್ಡದು ದೇಶ.

ಕಾಯಿಲೆ, ನಿರುದ್ಯೋಗ, ಮುಪ್ಪಿನಲ್ಲಿ ಎಲ್ಲರಿಗೂ ಆಸರೆ ಬೇಕೆಂದ ಬ್ರಿಟನ್ನಿನ ಬೆವರಿಜ್ ವರದಿ ಹೊರಬಿದ್ದದ್ದು 1942ರಲ್ಲಿ, ಎರಡನೆಯ ಮಹಾಯುದ್ಧದ ಬಾಂಬುಗಳು ಬೀಳುತ್ತಿದ್ದ ವರ್ಷಗಳ ನಡುವೆ. ಬ್ರಿಟನ್ನಿನಲ್ಲಿ ಎಲ್ಲರಿಗೂ ಉಚಿತ ವೈದ್ಯಕೀಯ ಸೇವೆ ಶುರುವಾದದ್ದು 1948ರ ಜುಲೈ 5ರಂದು. ಅಮೆರಿಕದಲ್ಲಿ ಅತಿ ಹೆಚ್ಚು ಆದಾಯದ ಮೇಲಿನ ತೆರಿಗೆ 1944ರಲ್ಲಿ 94 ಶೇಕಡಾ ಮುಟ್ಟಿತ್ತು. ಬಡವನ ಮಗ ಪ್ರಾಣ ಕೊಡುವಾಗ ಶ್ರೀಮಂತ ಹಣವನ್ನಾದರೂ ಕೊಡಲಿ ಎನ್ನುವ ಮಾತಿಗೆ ಅವತ್ತು ಎದುರು ಹೇಳುವುದು ಕಷ್ಟವಿತ್ತು. ಅಷ್ಟು ರಕ್ತ ಹರಿದ ಮೇಲೇ ಆ ಮಾತು ನಾಟಬೇಕಾಯಿತು ಎನ್ನುವುದು ದುಃಖದ ವಿಷಯ. ಆದರೆ ನಾಟಿದ್ದು ಯಾವ ನೆಲದಲ್ಲಿ ಎನ್ನುವುದನ್ನು ಮರೆಯಬಾರದು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದರು. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ, ಇಂಥ ವೈರುಧ್ಯದ ಬದುಕಿಗೆ ನಾವು ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದರು. ಅದೇ ಭಾಷಣದಲ್ಲಿ, ಭ್ರಾತೃತ್ವ ಇಲ್ಲದಿದ್ದರೆ ಸ್ವಾತಂತ್ರ್ಯ, ಸಮಾನತೆ ಎರಡೂ ಮೇಲೆ ಬಳಿದ ಬಣ್ಣಕ್ಕಿಂತ ಆಳಕ್ಕೆ ಇಳಿಯಲಾರವು ಅಂದರು. ದೇಶಕ್ಕೆ ಜೈ ಎನ್ನುತ್ತ ಪಕ್ಕದವನನ್ನು ಕೀಳಾಗಿ ಕಾಣುವವರಿಗೂ, ಸಮಾನತೆಯ ಮಾತಾಡುತ್ತ ದೇಶವನ್ನು ಹೀಗಳೆಯುವವರಿಗೂ ಆ ಒಂದು ವಾಕ್ಯದಲ್ಲಿ ಉತ್ತರವಿದೆ.

ಜೈ ಎನ್ನುವ ಮಾತು ಬಂದದ್ದರಿಂದ ಒಂದು ನೋವನ್ನು ಹೇಳಿಕೊಳ್ಳುತ್ತೇನೆ. ನಾನು ಲೆಕ್ಕ ನೋಡಿದ ಒಂದು ಕಂಪನಿಯ ವಾರ್ಷಿಕ ವರದಿಯ ಮೊದಲ ಪುಟದಲ್ಲಿ ದೇಶಸೇವೆಯ ಬಗ್ಗೆ ಬಹಳ ಒಳ್ಳೆಯ ಮಾತುಗಳಿದ್ದವು. ಒಳಗೆ, ಟಿಪ್ಪಣಿಗಳ ನಡುವೆ, ರಾಯಲ್ಟಿ ಎಂದು ಒಂದು ಸಾಲು. ಕಂಪನಿಯ ಬ್ರ್ಯಾಂಡಿನ ಹೆಸರನ್ನು ತೆರಿಗೆಯೇ ಇಲ್ಲದಂಥ ಪುಟ್ಟ ದೇಶವೊಂದರ ಅಂಗಸಂಸ್ಥೆಗೆ ಬರೆದುಕೊಟ್ಟಿದ್ದರು. ತಮ್ಮದೇ ಹೆಸರನ್ನು ಬಳಸಿದ್ದಕ್ಕೆ ತಾವೇ ಅಲ್ಲಿಗೆ ಶುಲ್ಕ ಕಟ್ಟುತ್ತಿದ್ದರು. ಇಲ್ಲಿ ಅದು ಖರ್ಚು, ಅಲ್ಲಿ ಅದು ಲಾಭ. ಕಾರ್ಖಾನೆ, ಕೆಲಸಗಾರರು, ಗಿರಾಕಿಗಳು ಎಲ್ಲ ಇಲ್ಲಿ, ಲಾಭ ಮಾತ್ರ ಅಲ್ಲಿ. ಕಾನೂನಿನ ಪ್ರಕಾರ ತಪ್ಪಿಲ್ಲ ಎಂದು ನಾನೇ ಬರೆದುಕೊಟ್ಟೆ. ಆ ಸಹಿ ಹಾಕಿದ ಕೈಯನ್ನು ಬಹಳ ದಿನ ನೋಡಿಕೊಂಡಿದ್ದೇನೆ. ಅವತ್ತಿನಿಂದ ಯಾರ ದೇಶಪ್ರೇಮವನ್ನು ಅಳೆಯುವಾಗಲೂ ನಾನು ಮೊದಲು ತೆರಿಗೆಯ ಸಾಲನ್ನು ನೋಡುತ್ತೇನೆ.

ಮಾತು ಇಲ್ಲಿಗೆ ನಿಲ್ಲಿಸಿದೆ. ಸಭೆಯಿಂದ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದರು: "ಸರ್, ನಿಮ್ಮ ಮಾತು ಒಪ್ಪಿದರೆ ಗಡಿಯಾಚೆಯ ಬಡವರು ನಮ್ಮ ಪ್ರಯಾಣದವರಲ್ಲ ಅಂತಾಯಿತಲ್ಲ? ಅವರ ಪಾಲನ್ನು ಅವರು ಯಾರ ಹತ್ತಿರ ಕೇಳಬೇಕು?"

ಒಳ್ಳೆಯ ಪ್ರಶ್ನೆ, ನನ್ನ ಪ್ರಶ್ನೆಗಿಂತ ದೊಡ್ಡದು ಅಂದೆ. ನನಗೆ ಹೊಳೆದ ಉತ್ತರ ಇಷ್ಟು: 2021ರ ಅಕ್ಟೋಬರಿನಲ್ಲಿ 136 ದೇಶಗಳು ಸೇರಿ, ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ಲಾಭವನ್ನು ಎಲ್ಲೇ ತೋರಿಸಲಿ ಕನಿಷ್ಠ 15 ಶೇಕಡಾ ತೆರಿಗೆ ಕಟ್ಟಬೇಕು ಎಂದು ಒಪ್ಪಂದಕ್ಕೆ ಬಂದವು. ಜಾರಿಗೆ ತರುವುದರಲ್ಲಿ ನೂರೆಂಟು ತೊಡಕಿದೆ, ಬಡ ದೇಶಗಳಿಗೆ ಸಿಗುವುದು ಸಾಲದು ಎನ್ನುವ ದೂರೂ ಇದೆ. ಆದರೂ ನಾನು ಸಹಿ ಹಾಕಿದಂಥ ಲೆಕ್ಕಗಳ ಬಾಗಿಲು ಮುಚ್ಚಲು ಕೂತವರು ದೇಶಗಳೇ. ತನ್ನ ಜನರಿಗೆ ಉತ್ತರ ಹೇಳಬೇಕಾದ ಸರ್ಕಾರಗಳು ಮೇಜಿನ ಸುತ್ತ ಕೂತು ಆಡಿದ ಮಾತು ಅದು.

ಆಕೆ ಕೂರಲಿಲ್ಲ. "ಅದು ಕಂಪನಿಗಳ ಮಾತಾಯಿತು. ನಾನು ಕೇಳಿದ್ದು ಮನುಷ್ಯರ ಬಗ್ಗೆ" ಅಂದರು.

ಕೂರಬೇಡಮ್ಮ, ಮೈಕ್ ತಗೊಂಡು ಪೂರ್ತಿ ಹೇಳು ಅಂದೆ. ಮುಂದಿನ ಇಪ್ಪತ್ತು ನಿಮಿಷ ಆಕೆ ಮಾತಾಡಿದರು, ನಾವೆಲ್ಲ ಕೇಳಿದೆವು.